ಅರ್ಧ ಗುಡ್ಡ ಮುಚ್ಚಿದ ವರ್ಷ

ಹೊಸ ಕಂಬಳಿ ನೆನೆದರೆ ಒಂದು ವಾಸನೆ ಬರುತ್ತದೆ. ಅರ್ಧ ಉಣ್ಣೆಯದು, ಅರ್ಧ ಹುಣಸೆ ಪಿಕ್ಕದ್ದು, ಅಂದರೆ ಹುಣಸೆ ಬೀಜದ್ದು. ನೂಲು ಬಿಗಿಯಾಗಲಿ ಎಂದು ನೇಯುವವರು ಹುಣಸೆ ಪಿಕ್ಕವನ್ನು ಬೇಯಿಸಿ ಅರೆದು ಗಂಜಿ ಮಾಡಿ ಬಳಿದಿರುತ್ತಾರೆ. ಒಣಗಿರುವಾಗ ಏನೂ ಗೊತ್ತಾಗುವುದಿಲ್ಲ. ನಾಲ್ಕು ಹನಿ ಬಿದ್ದರೆ ಸಾಕು, ಇಡೀ ಬಸ್ಸಿಗೆ ಗೊತ್ತಾಗುತ್ತದೆ. ಬಹಳ ಜನಕ್ಕೆ ಅದು ನಾತ. ನನಗೆ ಹಾಗಲ್ಲ.

ಹೋದ ಬೇಸಿಗೆಯ ಕೊನೆಯಲ್ಲಿ ಲೇಪಾಕ್ಷಿಯಿಂದ ಹಿಂದೂಪುರಕ್ಕೆ ಬರುತ್ತಿದ್ದೆ. ಅಪ್ಪ ಹೋದ ಮೇಲೆ ಹುಣಸೆಹಣ್ಣಿನ ಮಂಡಿ ನೋಡಿಕೊಳ್ಳುವವಳು ನಾನೇ, ಗುತ್ತಿಗೆಗೆ ಹಿಡಿದ ಮರಗಳನ್ನು ನೋಡಿಕೊಂಡು ಬರುವುದಿತ್ತು. ದಾರಿಯಲ್ಲಿ ಮಳೆ ಹೊಡೆಯಿತು. ಒಂದು ಕ್ರಾಸಿನಲ್ಲಿ ವಯಸ್ಸಾದ ಕುರಿಗಾಹಿಯೊಬ್ಬ ಹೊಸ ಕಂಬಳಿಯ ಕೊಪ್ಪೆ ಹಾಕಿಕೊಂಡು ನೀರು ಸುರಿಸುತ್ತ ಹತ್ತಿದ. "ವೆನಕ್ಕಿ ಪೋ ಪೆದ್ದಾಯನಾ, ವೆನಕ್ಕಿ ಪೋ" ಎಂದು ಕಂಡಕ್ಟರ್ ಮೂಗು ಮುಚ್ಚಿಕೊಂಡು ಹಿಂದಕ್ಕೆ ಅಟ್ಟಿದ. ನಾನು ಪಕ್ಕದ ಸೀಟಿನಲ್ಲಿದ್ದ ನನ್ನ ಚೀಲವನ್ನು ಮಡಿಲಿಗೆ ಎತ್ತಿಕೊಂಡು, "ಇಲ್ಲೇ ಕೂತ್ಕೊಳಪ್ಪ" ಎಂದೆ.

"ಯಾವೂರಪ್ಪ ನಿಮ್ದು?"

"ಕಂಬದೂರು ಕಡೆಯೋನು ಕಣಮ್ಮ. ಇಲ್ಲಿ ಮಗಳ ಮನೆಗೆ ಬಂದಿದ್ದೆ."

"ಬೂದಿಗುಡ್ಡದ ಹಟ್ಟಿ ಗೊತ್ತಾ? ಮಾರಕ್ಕ ಚೆನ್ನಾಗವ್ಳಾ?"

ಅವನು ಕೊಪ್ಪೆ ಸರಿಸಿ ನನ್ನ ಮುಖ ನೋಡಿದ. "ನೀವು ಹಿಂದೂಪುರದ ಆಫೀಸಮ್ಮನಾ? ಅಯ್ಯೋ ಶಿವನೇ. ಮಾರಕ್ಕ ನಿಮ್ಗೋಸ್ಕರ ಕಾಯ್ತಾ ಅವ್ಳೆ ಕಣಮ್ಮ. ನೀವು ಮುಚ್ಚಿ ಹೋದ ಅರ್ಧ ಗುಡ್ಡ ಹಂಗೇ ಐತೆ. ಒಂದು ಕುರಿನೂ ಹತ್ತಿಸಿಲ್ಲ. ನೀವೇ ಬಂದು ತೆಗೀಬೇಕಂತೆ."

ಆಮೇಲೆ ಅವನು ಮಗಳ ವಿಷಯ, ಅಳಿಯನ ವಿಷಯ ಏನೇನೋ ಹೇಳಿದ. ನನಗೆ ಒಂದೂ ಕೇಳಿಸಲಿಲ್ಲ. ಮುಚ್ಚಿದ್ದು ಮೂರೇ ಮಳೆಗಾಲಕ್ಕೆ. ಆ ಮೂರು ಮಳೆಗಾಲ ಕಳೆದು ಎಷ್ಟೋ ವರ್ಷವಾಗಿತ್ತು. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಆ ಕಂಬಳಿಯ ವಾಸನೆಯನ್ನು ಹಿಂದೂಪುರ ಬರುವ ತನಕ ಎಳೆದುಕೊಳ್ಳುತ್ತ ಕೂತೆ.

ಗುಡ್ಡ ಮುಚ್ಚಿದ ಆ ವರ್ಷ ನಾನು ಹಿಂದೂಪುರದಲ್ಲಿ ಸಮನ್ವಯಾಧಿಕಾರಿ. ಹೆಸರು ಕೇಳಿದರೆ ಕಲೆಕ್ಟರರ ಪಕ್ಕದಲ್ಲಿ ಕುರ್ಚಿ ಇರಬೇಕು ಅನ್ನಿಸುತ್ತದೆ. ನಿಜವಾಗಿ ಅದು ಮದುವೆಮನೆಯಲ್ಲಿ ಎರಡೂ ಕಡೆಯ ಬೀಗರ ನಡುವೆ ಓಡಾಡುವ ಸೋದರತ್ತೆಯ ಕೆಲಸ. ನಮ್ಮ ಸೀಮೆಯ ಅಭಿವೃದ್ಧಿಗೆಂದು ಹೊರದೇಶದ ಹಲವು ಸಂಸ್ಥೆಗಳು ಸಹಾಯ ಮಾಡುತ್ತಿದ್ದವು. ಒಂದಕ್ಕೆ ನೀರಿನ ಮೇಲೆ ಪ್ರೀತಿ, ಒಂದಕ್ಕೆ ಕುರಿಯ ಮೇಲೆ, ಒಂದಕ್ಕೆ ಹೆಣ್ಣುಮಕ್ಕಳ ಶಾಲೆಯ ಮೇಲೆ. ಇನ್ನೊಂದಕ್ಕೆ ತನಗೇನು ಬೇಕು ಎಂದು ತನಗೇ ಗೊತ್ತಿರಲಿಲ್ಲ, ಆದರೆ ತಿಂಗಳು ತಿಂಗಳು ಪ್ರಶ್ನೆ ಕಳಿಸುವುದನ್ನು ಮಾತ್ರ ಬಿಡುತ್ತಿರಲಿಲ್ಲ. ಇವರೆಲ್ಲ ಒಂದೇ ಊರಿಗೆ ಬಂದು ಒಬ್ಬರ ಕಾಲು ಒಬ್ಬರು ತುಳಿಯದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ.

ಕೆಳಗೆ ಸೀರೆ ಅಂಗಡಿ, ಮೇಲೆ ನಮ್ಮ ಆಫೀಸು. ಯುರೋಪಿನವರ ಜತೆ ವಿಡಿಯೋ ಕಾಲ್ ಶುರುವಾಯಿತೆಂದರೆ ಕರೆಂಟು ಹೋಗುತ್ತಿತ್ತು. ಕರೆಂಟು ಹೋದರೆ ಅಂಗಡಿಯವರು ಜನರೇಟರ್ ಹಾಕುತ್ತಿದ್ದರು, ಅದರ ಗದ್ದಲಕ್ಕೆ ಅಲ್ಲಿಯವರು "ಅಲ್ಲಿ ಭೂಕಂಪವೇ?" ಎಂದು ಕೇಳಿದ್ದೂ ಉಂಟು. ಪ್ರತಿಯೊಬ್ಬರಿಗೂ ಊರ ಮುಂದೆ ತಮ್ಮದೇ ಬೋರ್ಡು ಬೇಕು, ತಮ್ಮದೇ ಬಣ್ಣದಲ್ಲಿ. ಕೆಲವು ಹಳ್ಳಿಗಳಲ್ಲಿ ಮನೆಗಳಿಗಿಂತ ಬೋರ್ಡುಗಳೇ ಚೆನ್ನಾಗಿ ಕಾಣುತ್ತಿದ್ದವು. ನಾನು ನಗುತ್ತಿದ್ದೆ, ಬೈಯುತ್ತಿದ್ದೆ, ರಾತ್ರಿ ಮನೆಗೆ ಹೋಗಿ ಅಪ್ಪನ ಮುಂದೆ ಎಲ್ಲರನ್ನೂ ಅಣಕಿಸಿ ತೋರಿಸುತ್ತಿದ್ದೆ. ಅಷ್ಟು ಖುಷಿಯಾಗಿ ಮತ್ತೆ ಯಾವ ಕೆಲಸವನ್ನೂ ನಾನು ಮಾಡಲಿಲ್ಲ.

ಕಲ್ಯಾಣದುರ್ಗದಲ್ಲಿ ನಮ್ಮದೊಂದು ಚಿಕ್ಕ ಆಫೀಸಿತ್ತು. ಅಲ್ಲಿ ಓಬಳೇಸು ಇದ್ದ. ಮನೆಮಾತು ತೆಲುಗು. ಕನ್ನಡವನ್ನು ಕುರಿಹಟ್ಟಿಗಳಲ್ಲಿ ಕಲಿತವನಾದ್ದರಿಂದ ಕುರಿಗಾಹಿಗಳ ಹಾಗೇ ಆಡುತ್ತಿದ್ದ. ಬೆಳಿಗ್ಗೆ ಆಫೀಸಿಗೆ ಬಂದ ಕೂಡಲೇ ನಾನು ಅವನಿಗೆ ಫೋನ್ ಮಾಡಿ ಹಿಂದಿನ ದಿನದ ಕೆಲಸ ಕೇಳಬೇಕಿತ್ತು. ಅವನು ಕೆಲಸ ಹೇಳುವ ಮೊದಲು ಗಾಳಿ ಹೇಳುತ್ತಿದ್ದ.

"ಮೇಡಂ, ಇವತ್ತು ಗಾಳಿ ಬಲೇ ಐತೆ. ಬೈಕ್ ಒಂದ್ಕಡೆ ಹೋಯ್ತೈತೆ, ನಾನೊಂದ್ಕಡೆ."

"ಕೆಲಸ ಏನಾಯ್ತು ಹೇಳಿ."

"ಚೆಪ್ತಾನು ಮೇಡಂ. ಫಸ್ಟು ಗಾಳಿ ಕೇಳ್ಕೊಳಿ."

ಕಲ್ಯಾಣದುರ್ಗದ ಗಾಳಿ ಅಂಥದೇ. ಆಷಾಢ ಬಂತೆಂದರೆ ಮೋಡಗಳು ನಮ್ಮ ತಲೆಯ ಮೇಲೆ ಹಾದು ಬೇರೆ ಯಾರದೋ ಊರಿಗೆ ಹೋಗುತ್ತವೆ, ನಮಗೆ ಉಳಿಯುವುದು ಗಾಳಿ. ಕಡಲೆಕಾಯಿ ಬಿತ್ತನೆಗೆ ಕಾದ ಕೆಂಪು ಹೊಲಗಳಿಂದ ಧೂಳೆದ್ದು ಹಲ್ಲಿನ ಸಂದಿಗೂ ಸೇರುತ್ತದೆ. ಆ ಫೋನಿನಲ್ಲಿ ಅವನ ಮಾತಿನ ಹಿಂದೆ ಗಾಳಿ ಕೇಳಿಸುತ್ತಿತ್ತು. ನಾನು ಹಿಂದೂಪುರದ ಸೆಕೆಯಲ್ಲಿ ಕೂತು ಅದನ್ನು ಕೇಳುತ್ತಿದ್ದೆ. ಅವನ ಮೇಲೆ ನನಗೆ ಮನಸ್ಸಿತ್ತು, ಅದನ್ನು ಈಗ ಬರೆಯಲು ನನಗೆ ನಾಚಿಕೆಯಿಲ್ಲ. ಆಗ ಮಾತ್ರ ಹೇಳುವ ಹಾಗಿರಲಿಲ್ಲ. ಅವನಿಗೂ ಇತ್ತೇ? ಗಾಳಿಯ ಸುದ್ದಿಯನ್ನು ಬೇರೆ ಯಾರಿಗೂ ಅವನು ಹೇಳುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಒಂದು ದಿನ ಅವನು ಗಾಳಿಯನ್ನು ಬಿಟ್ಟು ನೇರ ವಿಷಯಕ್ಕೆ ಬಂದ. ಏನೋ ಕೆಟ್ಟಿದೆ ಎಂದು ನನಗೆ ಆಗಲೇ ಗೊತ್ತಾಯಿತು.

"ಮೇಡಂ, ನಾವು ಕೊಟ್ಟ ಕುರಿಗಳ್ನ ನಾವು ಇಟ್ಟ ಕಾವಲುಗಾರನೇ ಕಲ್ಲು ಹೊಡ್ದು ಓಡಿಸ್ತಾ ಅವ್ನೆ. ನೀವು ಬಂದ್ಬುಡಿ."

ಹೊರಟೆ. ಹಿಂದೂಪುರದಿಂದ ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋದರೆ ನಡುವೆ ಕರ್ನಾಟಕ ಬಂದು ಹೋಗುತ್ತದೆ. ಬೋರ್ಡುಗಳು ತೆಲುಗಿನಿಂದ ಕನ್ನಡಕ್ಕೆ, ಮತ್ತೆ ತೆಲುಗಿಗೆ ತಿರುಗುತ್ತವೆ. ಟೀ ಅಂಗಡಿಯವರ ಮಾತು ಮಾತ್ರ ಎಲ್ಲೂ ತಿರುಗುವುದಿಲ್ಲ, ಎರಡನ್ನೂ ಕಲಸಿಕೊಂಡೇ ಇರುತ್ತದೆ. ಕಂಬದೂರಿಗೆ ಇನ್ನೂ ಸ್ವಲ್ಪ ದೂರ ಇರುವಾಗ ಓಬಳೇಸು ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅವನ ಹಿಂದೆ ಕೂತು ಬೂದಿಗುಡ್ಡದ ಬುಡಕ್ಕೆ ಹೋದೆ.

ಆಗಿದ್ದು ಇಷ್ಟು. ಕುರಿಯ ಸಂಸ್ಥೆ ಆ ಹಟ್ಟಿಯ ಹೆಂಗಸರಿಗೆ ಕುರಿ ಕೊಟ್ಟಿತ್ತು. ನೀರಿನ ಸಂಸ್ಥೆ ಮಳೆನೀರು ಇಂಗಲಿ, ಹುಲ್ಲು ಗಿಡ ಹಿಡಿಯಲಿ ಎಂದು ಗುಡ್ಡವನ್ನು ಮುಚ್ಚಿಸಿ ಕಾವಲುಗಾರನನ್ನು ಇಟ್ಟಿತ್ತು. ಆ ಕುರಿಗಳಿಗೆ ಮೇಯಲು ಇದ್ದದ್ದು ಅದೊಂದೇ ಗುಡ್ಡ. ಎರಡೂ ಒಳ್ಳೆಯ ಕೆಲಸವೇ. ಎರಡಕ್ಕೂ ಪ್ರಶಂಸೆ ಬಂದಿತ್ತು. ನಾನು ನೋಡಿದಾಗ ಈ ಕಡೆ ಹೆಂಗಸರು ಕುರಿ ಹಿಡಿದು ನಿಂತಿದ್ದರು, ಆ ಕಡೆ ಕಾವಲುಗಾರ ಕೋಲು ಹಿಡಿದು ನಿಂತಿದ್ದ. ಎರಡು ಕಡೆಯವರೂ ನನ್ನನ್ನು ಕಂಡು "ಅಮ್ಮ ಬಂದ್ರು" ಎಂದು ಸಮಾಧಾನ ಪಟ್ಟುಕೊಂಡರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಗುಂಪಿನ ಮುಂದೆ ನಿಂತಿದ್ದವಳು ಮಾರಕ್ಕ. ಎತ್ತರದ ಹೆಂಗಸು, ದವಡೆಯಲ್ಲಿ ಸದಾ ಎಲೆ ಅಡಿಕೆ. ಹಟ್ಟಿಯ ಯಜಮಾನಿಕೆ ಅವಳದು ಎಂದು ಯಾರೂ ಹೇಳಿರಲಿಲ್ಲ, ಆದರೆ ಅವಳು ಎದ್ದ ಮೇಲೆಯೇ ಬೇರೆಯವರು ಏಳುತ್ತಿದ್ದರು.

"ಕಡ್ಲೆಕಾಯಿ ಕಿತ್ಮೇಲೆ ನಾವು ಹೆಂಗೂ ಮಂದೆ ಹೊಡ್ಕೊಂಡು ದೇಶದ ಮ್ಯಾಲೆ ಹೋಗೋರೇ ಕಣಮ್ಮ" ಎಂದಳು. "ರೈತ್ರ ಹೊಲದಾಗೆ ಮಂದೆ ನಿಲ್ಲಿಸ್ತೀವಿ, ಗೊಬ್ರಕ್ಕೆ ಕಾಳು ಕೊಡ್ತಾರೆ. ಅದಕ್ಕೇನು ನಾವು ಅಳಲ್ಲ. ಆದ್ರೆ ಈ ಮಳೆಗಾಲ ಕುರಿ ಈಯೋ ಕಾಲ. ಈಗ ಗುಡ್ಡ ಇಲ್ಲ ಅಂದ್ರೆ ತುಂಬಿದ ಕುರಿ ಹೊಡ್ಕೊಂಡು ಎಲ್ಲಿಗೆ ಹೋಗಾನ? ದಾರಿ ಮ್ಯಾಲೆ ಈದ್ರೆ ಮರಿ ಉಳೀತಾವಾ?"

ಗುಡ್ಡ ತೆರೆಯದಿದ್ದರೆ ಇಡೀ ಹಟ್ಟಿ ಊರು ಬಿಡಬೇಕು. ತೆರೆದರೆ ನೀರಿನವರು ಕೆಲಸ ನಿಲ್ಲಿಸುತ್ತಾರೆ, ಅವರು ಕಟ್ಟುತ್ತಿದ್ದ ನೀರಿನ ಕುಂಟೆಯೂ ಅರ್ಧಕ್ಕೇ ನಿಲ್ಲುತ್ತದೆ. ಆ ಕುಂಟೆಯ ನೀರೇ ಅದೇ ಕುರಿಗಳಿಗೆ ಕುಡಿಯಲು.

ಪತ್ರ ಬರೆದೆ, ಕಾಲ್ ಮಾಡಿದೆ. ನೀರಿನವರು ಕುರಿಯವರನ್ನು ಕೇಳಿ ಎಂದರು, ಕುರಿಯವರು ನೀರಿನವರನ್ನು ಕೇಳಿ ಎಂದರು. ಇಬ್ಬರ ಆಫೀಸುಗಳೂ ಯುರೋಪಿನಲ್ಲಿ, ರೈಲು ಹತ್ತಿದರೆ ಒಂದು ಬೆಳಗಿನ ದಾರಿಯಂತೆ. ಅವರು ಒಬ್ಬರನ್ನೊಬ್ಬರು ನೋಡಬೇಕಾದರೆ ಕಂಬದೂರಿಗೇ ಬರಬೇಕಾಯಿತು. ಶ್ರಾವಣದಲ್ಲಿ ನೀರಿನ ಸಂಸ್ಥೆಯಿಂದ ಹೆಂಡ್ರಿಕ್ ಎಂಬಾತ, ಕುರಿಯ ಸಂಸ್ಥೆಯಿಂದ ಇಂಗ್ರಿಡ್ ಎಂಬಾಕೆ ಬಂದರು. ಹಟ್ಟಿಯವರು ಆ ಹೆಸರುಗಳ ಗೋಜಿಗೆ ಹೋಗದೆ ಒಬ್ಬನನ್ನು ನೀರಿನ ದೊರೆ ಎಂದೂ ಒಬ್ಬಳನ್ನು ಕುರಿ ದೊರೆಸಾನಿ ಎಂದೂ ಕರೆದರು.

ಹಿಂದಿನ ದಿನವೇ ಓಬಳೇಸು ಹಟ್ಟಿಯವರಿಗೆ ಪಾಠ ಹೇಳಿಕೊಟ್ಟಿದ್ದ. "ಗುಡ್ಡದ ಮ್ಯಾಲೆ ಕುರಿ ಹೋಯ್ತಾವಾ ಅಂತ ಕೇಳಿದ್ರೆ, ಇಲ್ಲ ಅನ್ನಿ. ಮೇವು ಎಲ್ಲಿಂದ ಅಂದ್ರೆ, ದೇವ್ರು ಕೊಡ್ತಾನೆ ಅನ್ನಿ. ಮಿಕ್ಕಿದ್ದು ಮೇಡಂ ನೋಡ್ಕೊತಾರೆ." ಎಲ್ಲರೂ ತಲೆಯಾಡಿಸಿದ್ದರು. ಮಾರಕ್ಕನೂ ಆಡಿಸಿದ್ದಳು.

ಆದರೆ ದೊಡ್ಡವರು ಬಂದರೆ ಆ ಹಟ್ಟಿಯಲ್ಲಿ ಕಂಬಳಿ ಹಾಸುತ್ತಾರೆ. ನ್ಯಾಯ ಹೇಳುವುದು, ಮದುವೆ ಮಾತಾಡುವುದು ಎಲ್ಲ ಅದರ ಮೇಲೆ. ಅದರ ಮೇಲೆ ಕೂತವರು ಸುಳ್ಳಾಡಬಾರದು, ಕೊಟ್ಟ ಮಾತನ್ನು ಆ ಕಂಬಳಿಯ ಮೇಲೇ ಬಿಡಿಸಬೇಕು. ಓಬಳೇಸುವಿಗೆ ಇದು ಗೊತ್ತಿತ್ತು. ಗೊತ್ತಿದ್ದೂ, ದೊರೆಗಳಿಗೆ ಗೌರವ ಮಾಡಿದ ಹಾಗೆ ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ ಎಂದು ಸುಮ್ಮನಿದ್ದ. ಬೇವಿನ ಮರದ ಕೆಳಗೆ ಕಂಬಳಿ ಹಾಸಿದರು. ಹೆಂಡ್ರಿಕ್ ಬೂಟು ಹಾಕಿಕೊಂಡೇ ಕಾಲಿಡಲು ಹೋದ. ಓಬಳೇಸು ಮಂಡಿಯೂರಿ ಅವನ ಬೂಟಿನ ದಾರ ಬಿಚ್ಚಿದ, ಆತ ಮಗುವಿನ ಹಾಗೆ ನಿಂತಿದ್ದ. ಹೆಂಡ್ರಿಕ್, ಇಂಗ್ರಿಡ್, ಓಬಳೇಸು, ನಾನು, ನಮ್ಮ ಎದುರಿಗೆ ಮಾರಕ್ಕ ಕೂತೆವು.

ಹೆಂಡ್ರಿಕ್ ಇಂಗ್ಲಿಷಿನಲ್ಲಿ ಕೇಳಿದ, ನಾನು ಕನ್ನಡಕ್ಕೆ ತಂದೆ. ಮುಚ್ಚಿದ ಗುಡ್ಡಕ್ಕೆ ಕುರಿ ಹೋಗುತ್ತವೆಯೇ?

ಮಾರಕ್ಕ ಕೆಳಗೆ ಹಾಸಿದ ಕಂಬಳಿ ನೋಡಿದಳು. ಓಬಳೇಸುವಿನ ಮುಖ ನೋಡಿದಳು. "ಹೋಯ್ತಾವೆ" ಎಂದಳು. "ಕಾವಲುಗಾರ ಉಣ್ಣಕ್ಕೆ ಹೋದಾಗ ನಾನೇ ಹತ್ತಿಸ್ತೀನಿ. ದೊರೆಗೆ ಹಂಗೇ ಹೇಳವ್ವ."

ಓಬಳೇಸು ಕಣ್ಣು ಮುಚ್ಚಿಕೊಂಡ. ನಾನು ಹಾಗೇ ಹೇಳಿದೆ. ಆ ಕಂಬಳಿಯ ಮೇಲೆ ಕೂತು ಬೇರೆ ಏನು ಹೇಳಲಿ? ಹೆಂಡ್ರಿಕನ ಕಿವಿ ಕೆಂಪಗಾಯಿತು. ಇಂಗ್ರಿಡ್ ಬಾಯಿ ಹಾಕಿದಳು. ಇಬ್ಬರೂ ಜೋರಾಗಿ ಶುರು ಮಾಡಿದರು. ಗಾಳಿ ಒಂದು ಕಡೆ, ಇವರು ಒಂದು ಕಡೆ. ಮಾರಕ್ಕ ಇಬ್ಬರನ್ನೂ ನೋಡುತ್ತ ನಿಧಾನವಾಗಿ ಎಲೆ ಅಗಿಯುತ್ತಿದ್ದಳು. "ಗಂಡ ಹೆಂಡ್ತಿನಾ ಇವ್ರು?" ಎಂದು ನನ್ನನ್ನು ಕೇಳಿದಳು. ನಾನು ಅದನ್ನೂ ಇಂಗ್ಲಿಷಿಗೆ ತಂದುಬಿಟ್ಟೆ, ಅಭ್ಯಾಸಬಲ. ಇಬ್ಬರೂ ಒಮ್ಮೆಲೇ ಬಾಯಿ ಮುಚ್ಚಿ, ಆಮೇಲೆ ನಕ್ಕರು. ಅಲ್ಲಿಂದ ಮಾತು ದಾರಿಗೆ ಬಂತು.

ಊಟದ ಹೊತ್ತಿಗೆ ತೀರ್ಮಾನವಾಯಿತು. ಗುಡ್ಡದಲ್ಲಿ ಅರ್ಧ ಮುಚ್ಚುವುದು, ಅರ್ಧ ಕುರಿಗಳಿಗೆ ಬಿಡುವುದು. ಮೂರು ಮಳೆಗಾಲ ಆದ ಮೇಲೆ ಮುಚ್ಚಿದ್ದನ್ನು ತೆಗೆದು, ಬಿಟ್ಟಿದ್ದ ಅರ್ಧವನ್ನು ಮುಚ್ಚುವುದು. ಕಾವಲುಗಾರನ ಬದಲು ನಡುವೆ ಕಲ್ಲುಗಳಿಗೆ ಸುಣ್ಣ ಹೊಡೆದು ಗೆರೆ ಮಾಡುವುದು. ಎರಡೂ ಸಂಸ್ಥೆಯ ದುಡ್ಡು ಒಂದೇ ಯೋಜನೆಗೆ. ಇಷ್ಟು ದಿನ ನಾನು ಕಾಗದದಲ್ಲಿ ಬರೆದು ಬರೆದು ಆಗದ್ದು ಒಂದೇ ಬೆಳಿಗ್ಗೆ ಆಯಿತು.

ಏಳುವ ಮೊದಲು ಮಾರಕ್ಕ ಕೈ ಅಡ್ಡ ಹಿಡಿದಳು. "ಮುಚ್ಚಿದೋರೇ ಬಂದು ತೆಗೀಬೇಕು. ಇದೇ ಕಂಬಳಿ ಮ್ಯಾಲೆ ಕೂತು ತೆಗೀರಿ ಅನ್ಬೇಕು. ಅಲ್ಲೀಗಂಟ ನಾವು ಮುಟ್ಟಲ್ಲ." ದೊರೆಗಳಿಬ್ಬರಿಗೂ ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮೂರು ವರ್ಷದ ಮೇಲೆ ಮತ್ತೆ ಎಲ್ಲ ಸೇರಿ ಊಟ ಮಾಡೋಣ ಎಂದು ಅವರಿಗೆ ಅರ್ಥವಾಗಿರಬೇಕು. ಸಂತೋಷದಿಂದ ತಲೆಯಾಡಿಸಿದರು.

ಸುಣ್ಣ ಹೊಡೆದ ದಿನವನ್ನು ನಾನು ಮರೆತಿಲ್ಲ. ಹಟ್ಟಿಗೆ ಹಟ್ಟಿಯೇ ಗುಡ್ಡ ಹತ್ತಿತ್ತು. ಗಾಳಿಗೆ ಎದುರಾಗಿ ನಿಂತು ಕಲ್ಲಿಗೆ ಸುಣ್ಣ ಬಳಿದರೆ ಅರ್ಧ ಕಲ್ಲಿಗೆ, ಅರ್ಧ ನಮಗೆ. ಓಬಳೇಸುವಿನ ತಲೆಗೂದಲು, ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿತ್ತು. ನನ್ನ ಕಡೆ ತಿರುಗಿ ನಿಂತ.

"ಮುದುಕ ಆದ್ರೆ ಹಿಂಗೇ ಕಾಣ್ತೀನಿ ಮೇಡಂ. ಈಗ್ಲೇ ನೋಡ್ಕೊಂಬುಡ್ರಿ."

"ನಾನ್ಯಾಕೆ ನೋಡ್ಲಿ?" ಎಂದೆ.

"ಊರ್ಕೇ ಅನ್ನೆ ಮೇಡಂ" ಎಂದ. ಸುಮ್ಮನೆ ಅಂದೆ ಎಂದು. ತಿರುಗಿ ಮತ್ತೆ ಬಳಿಯತೊಡಗಿದ. ನಾನು ನೋಡಿಕೊಂಡೆ. ಚೆನ್ನಾಗಿ ನೋಡಿಕೊಂಡೆ.

ಭಾದ್ರಪದದಲ್ಲಿ ಮಳೆ ಬಂತು. ನಮ್ಮ ಕಡೆ ಮಳೆ ಬಂದರೆ ಜನ ಒಳಗೆ ಓಡುವುದಿಲ್ಲ, ಹೊರಗೆ ಬಂದು ನಿಲ್ಲುತ್ತಾರೆ. ಕುರಿಗಳು ಗುಡ್ಡದ ತಮ್ಮ ಅರ್ಧದಲ್ಲೇ ಈದವು. ಓಬಳೇಸು ಫೋನಿನಲ್ಲಿ ಗಾಳಿಯ ಜತೆಗೆ ಮರಿಗಳ ಸುದ್ದಿಯನ್ನೂ ಹೇಳತೊಡಗಿದ. ಕುಂಟೆ ತುಂಬಿತು. ನಾನು ನೆಪ ಹುಡುಕಿಕೊಂಡು ಹೋಗುತ್ತಿದ್ದೆ. ಅಪ್ಪನ ಮಂಡಿಯಲ್ಲಿ ಹುಣಸೆ ಕುಟ್ಟುವ ಹೆಂಗಸರು ತೆಗೆದ ಪಿಕ್ಕವನ್ನು ಒಂದು ಮೂಟೆ ಕಟ್ಟಿಸಿ ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗಿ ಮಾರಕ್ಕನಿಗೆ ಕೊಟ್ಟೆ, ಅವಳ ಮೈದುನನ ಮಗ್ಗಕ್ಕೆ. ಆ ಗಂಜಿ ಹಾಕಿ ನೇಯ್ದ ಕಂಬಳಿಯೊಂದನ್ನು ನನಗೇ ಹೊದಿಸಿದಳು. "ನಿಮ್ಮನೆ ಹುಣಸೆ, ನಮ್ಮನೆ ಕುರಿ" ಎಂದಳು. ಅವತ್ತು ಓಬಳೇಸುವಿನ ಬೈಕಿನಲ್ಲಿ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿಗೆ ಬರುವಾಗ ಮಳೆ ಸಿಕ್ಕಿತು. ಕಂಬಳಿಯ ಒಂದು ಕೊನೆಯನ್ನು ಅವನ ಹೆಗಲ ಮೇಲೂ ಹಾಕಿದೆ. ಆ ದಾರಿ ಮುಗಿಯದಿದ್ದರೆ ಚೆನ್ನಾಗಿತ್ತು. ಮುಗಿಯಿತು.

ದೀಪಾವಳಿ ಕಳೆದು ಕುರಿಗಳು ದೇಶದ ಮೇಲೆ ಹೊರಟ ಹೊತ್ತಿಗೆ ನೀರಿನ ಸಂಸ್ಥೆಯಿಂದ ಸುದ್ದಿ ಬಂತು. ಅವರ ದೇಶದಲ್ಲಿ ಸರ್ಕಾರ ಬದಲಾಗಿತ್ತು, ಸಹಾಯವೆಲ್ಲ ಇನ್ನು ಬೇರೆ ಖಂಡಕ್ಕೆ. ಜೋಡಿ ಎತ್ತಿನಲ್ಲಿ ಒಂದು ಹೋದರೆ ಇನ್ನೊಂದು ಏನು ಮಾಡುತ್ತದೆ? ಕುರಿಯವರೂ ನಿಧಾನವಾಗಿ ಕೈ ಎಳೆದುಕೊಂಡರು. ಯಾರೂ ಕೆಟ್ಟವರಲ್ಲ. ಇಂಗ್ರಿಡ್ ಫೋನಿನಲ್ಲಿ ಅತ್ತಳು. ಹಿಂದೂಪುರದ ಆಫೀಸನ್ನು ಸೀರೆ ಅಂಗಡಿಯವರು ಗೋಡೌನ್ ಮಾಡಿಕೊಂಡರು. ಕಾಗದದ ಪ್ರಕಾರ ಮೂರು ಮಳೆಗಾಲ ಮುಗಿದ ಮೇಲೆ ಗುಡ್ಡ ತಾನಾಗಿಯೇ ತೆರೆದುಕೊಳ್ಳಬೇಕಿತ್ತು. ನಾವೆಲ್ಲ ಹಾಗೇ ತಿಳಿದೆವು.

ಓಬಳೇಸುವಿನ ಕೆಲಸವನ್ನು ಹೆಂಡ್ರಿಕ್ ಮೆಚ್ಚಿಕೊಂಡಿದ್ದ. ಇಥಿಯೋಪಿಯಾದಲ್ಲಿ ಇಂಥದೇ ಬೆಟ್ಟ, ಇಂಥದೇ ಕುರಿ, ಬಾ ಎಂದು ಕರೆದ. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಾನು ಹಿಂದೂಪುರದ ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತಿದ್ದೆ. ಅವನು ಕೆಳಗೆ ನಿಂತಿದ್ದ.

"ಮೂರು ಮಳೆ ಆದ್ಮೇಲೆ ಗುಡ್ಡ ತೆಗೆಯಕ್ಕೆ ಬರ್ಬೇಕಲ್ಲ ಮೇಡಂ. ಆಗ ಸಿಗಾನ."

"ಹೂಂ" ಎಂದೆ. ಹೋಗಬೇಡಿ ಎನ್ನಲು ನಾನು ಯಾರು? ಅಲ್ಲಿಂದ ಅವನು ಮೆಸೇಜು ಕಳಿಸುತ್ತಿದ್ದ. 'ಇಲ್ಲಿ ಗಾಳಿ ಇಲ್ಲ ಮೇಡಂ.' ಮೊದಲು ವಾರಕ್ಕೊಂದು, ಆಮೇಲೆ ಹಬ್ಬಕ್ಕೊಂದು, ಆಮೇಲೆ ಯಾವ ಹಬ್ಬಕ್ಕೂ ಇಲ್ಲ. ಮೂರು ಮಳೆ ಕಳೆದರೂ ಅವನು ಬರಲಿಲ್ಲ, ಅವನಿಲ್ಲದೆ ಆ ಗುಡ್ಡಕ್ಕೆ ಹೋಗಲು ನನಗೂ ಮನಸ್ಸಾಗಲಿಲ್ಲ. ನಾನು ಮದುವೆಯಾಗಲಿಲ್ಲ. ಅದಕ್ಕೂ ಓಬಳೇಸುವಿಗೂ ಏನೇನೂ ಸಂಬಂಧವಿಲ್ಲ, ಮಂಡಿಯ ಕೆಲಸದಲ್ಲಿ ಪುರುಸೊತ್ತಾಗಲಿಲ್ಲ ಎಂದು ಅಕ್ಕನಿಗೆ ಹೇಳುತ್ತಿರುತ್ತೇನೆ. ಅಕ್ಕ ಸಾರು ಕಲಕುತ್ತ "ಹೌದಾ" ಎನ್ನುತ್ತಾಳೆ.

ಕುರಿಗಾಹಿ ಬಸ್ಸಿನಲ್ಲಿ ಸಿಕ್ಕ ಮೇಲೆ ಬಹಳ ದಿನ ತಡೆಯಲಾಗಲಿಲ್ಲ. ಒಂದು ಮೂಟೆ ಪಿಕ್ಕ ಕಟ್ಟಿಸಿಕೊಂಡು ಪಾವಗಡದ ಮೇಲೆ ಹೊರಟೆ. ಕಂಬದೂರಿನಲ್ಲಿ ಆಟೋ ಹಿಡಿದೆ. ಈಗ ಆ ಕಡೆಯ ದಿಣ್ಣೆಗಳ ಮೇಲೆಲ್ಲ ಗಾಳಿಯ ಕರೆಂಟಿನ ದೊಡ್ಡ ರೆಕ್ಕೆಗಳು ತಿರುಗುತ್ತವೆ. ಆ ಗಾಳಿಗೂ ಒಂದು ಉದ್ಯೋಗ ಸಿಕ್ಕಿದೆ. ಹಟ್ಟಿಯ ಮುಂದೆ ನಮ್ಮ ಬೋರ್ಡುಗಳಲ್ಲಿ ಒಂದನ್ನು ಕೋಳಿಗೂಡಿಗೆ ಸೂರು ಮಾಡಿದ್ದರು, ಇನ್ನೊಂದು ನೀರಿನ ತೊಟ್ಟಿಗೆ ಮುಚ್ಚಳ. ತಲೆ ಎತ್ತಿ ಗುಡ್ಡ ನೋಡಿದೆ. ನಡುವೆ ಬೆಳ್ಳಗೆ ಸುಣ್ಣದ ಗೆರೆ ಇತ್ತು, ಹೊಸದಾಗಿ ಹೊಡೆದದ್ದು. ಈ ಕಡೆ ಗುಡ್ಡ ಬೋಳು. ಆ ಕಡೆ ಸೊಂಟದೆತ್ತರ ಒಣಹುಲ್ಲು, ಗಿಡ, ಮರ.

ಮಾರಕ್ಕ ಬೇವಿನ ಮರದ ಕೆಳಗೆ ಕೂತಿದ್ದಳು. ಮಂಡಿನೋವಿನಿಂದ ಈಗ ಗುಡ್ಡ ಹತ್ತುವುದಿಲ್ಲ. ನನ್ನನ್ನು ಕಂಡು ಏಳಲಿಲ್ಲ, ಅಳಲೂ ಇಲ್ಲ.

"ಮೂರು ಮಳೆ ಅಂದೋಳು ಎಷ್ಟು ಮಳೆ ಆದ್ಮೇಲೆ ಬಂದ್ಯವ್ವ? ಸಂತೆಗೆ ಹೋದೋರ ಕೈಲೆಲ್ಲ ಹೇಳಿ ಕಳಿಸ್ದೆ. ಆಫೀಸು ಇಲ್ಲ, ಸೀರೆ ಮೂಟೆ ಐತೆ ಅಂದ್ರು."

ಅವಳ ಸೊಸೆ ಲಕ್ಷ್ಮಿ ನೀರು ತಂದುಕೊಟ್ಟಳು. ನೀರು ಕೊಡುವಾಗಲೇ ಶುರು ಮಾಡಿದಳು. "ನೋಡ್ರಮ್ಮ, ಕಣ್ಣೆದುರಿಗೆ ಅಷ್ಟು ಹುಲ್ಲು. ವರ್ಷಾ ವರ್ಷಾ ಒಣಗಿ ಬೀಳ್ತೈತೆ. ಈ ಕಡೆ ಸಾಕಾಗ್ದೆ ನಾವು ಕಾಲಕ್ಕೆ ಮುಂಚೇನೇ ದಾರಿ ಹಿಡೀತೀವಿ, ದಾರಿ ಮ್ಯಾಲೇ ಈಯ್ತಾವೆ. ತೆಗೆಯಾನ ಅಂದ್ರೆ ಅತ್ತೆ ಸುಣ್ಣ ಕೊಟ್ಟು ಗೆರೆ ಹೊಡ್ಕೊಂಡು ಬಾ ಅಂತಾಳೆ."

ದಾರಿಯ ಮೇಲೆ ಈದರೆ ಮರಿ ಉಳಿಯುತ್ತವೆಯೇ ಎಂದು ಕೇಳಿದವಳು ಮಾರಕ್ಕನೇ. ನಾನು ಅವಳ ಕಡೆ ತಿರುಗಿದೆ. "ಮಾರಕ್ಕ, ಅದು ಯಾವತ್ತೋ ಮುಗಿದು ಹೋದ ಯೋಜನೆ. ಆ ಸಂಸ್ಥೆಗಳೂ ಇಲ್ಲ. ನನಗೆ ಆ ಕೆಲಸವೂ ಇಲ್ಲ. ನಾನು ಯಾರ ಪರವಾಗಿ ತೆಗೀರಿ ಅನ್ನಲಿ?"

"ಅವತ್ತು ಕಂಬಳಿ ಮ್ಯಾಲೆ ಕೂತಿದ್ದೆ ತಾನೆ?"

"ಕೂತಿದ್ದೆ."

"ಸಾಕು ಬುಡು. ಲಕ್ಷ್ಮೀ, ಕಂಬಳಿ ತಾ."

ಅದೇ ಕಂಬಳಿ ಬಂತು, ಅಂಚು ಸವೆದಿತ್ತು. ಮಾರಕ್ಕ ತಾನು ಅವತ್ತು ಕೂತ ಕಡೆಯೇ ಕೂತಳು, ನನ್ನನ್ನು ನನ್ನ ಕಡೆ ಕೂರಿಸಿದಳು. ಬಾರದವರ ಜಾಗದಲ್ಲಿ ಎಲೆ ಅಡಿಕೆ ಇಡುವುದು ಅವರ ರೂಢಿ. ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ, ನೀರಿನ ದೊರೆ ಕೂತಲ್ಲಿ ಒಂದು ಇಟ್ಟಳು. ಕುರಿ ದೊರೆಸಾನಿ ಕೂತಲ್ಲಿ ಒಂದು. ಆಮೇಲೆ ನನ್ನ ಪಕ್ಕದಲ್ಲಿ, ಅವತ್ತು ಓಬಳೇಸು ಕೂತಿದ್ದ ಕಡೆ, ಒಂದು. ಗಾಳಿಗೆ ಅದು ಹಾರಿಹೋಗದ ಹಾಗೆ ನಾನು ಬೆರಳಿನಲ್ಲಿ ಒತ್ತಿ ಹಿಡಿದೆ.

"ಹೇಳು" ಎಂದಳು.

"ತೆಗೀರಿ" ಎಂದೆ.

ಲಕ್ಷ್ಮಿ ಮಂದೆ ಹೊಡೆದುಕೊಂಡು ಗುಡ್ಡ ಹತ್ತಿದಳು. ಸುಣ್ಣದ ಗೆರೆಯ ಹತ್ತಿರ ಹೋಗಿ ಕುರಿಗಳು ನಿಂತವು. ಆ ಕುರಿಗಳು ಹುಟ್ಟಿದಾಗಿನಿಂದ ಅದನ್ನು ದಾಟಿದವಲ್ಲ. ಅಷ್ಟು ಹುಲ್ಲು ಮುಂದಿದ್ದರೂ ಅಭ್ಯಾಸದಂತೆ ಹಿಂದಕ್ಕೆ ತಿರುಗಿದವು. ಲಕ್ಷ್ಮಿ ಕೂಗಿದಳು, ಬೈದಳು, ಕೊನೆಗೆ ಮುಂದಿನ ಟಗರಿನ ಕೊಂಬು ಹಿಡಿದು ಎಳೆದು ಆ ಕಡೆ ಹಾಕಿದಳು. ಅದು ಒಂದು ಬಾಯಿ ಹುಲ್ಲು ಕಿತ್ತಿತು. ಒಂದರ ಹಿಂದೆ ಒಂದು ದಾಟತೊಡಗಿದವು. ಸ್ವಲ್ಪ ಹೊತ್ತಿಗೆ ಹುಲ್ಲಿನಲ್ಲಿ ಕುರಿಗಳು ಕಾಣದೆ ಗಂಟೆಯ ಸದ್ದು ಮಾತ್ರ ಮೇಲೆ ಮೇಲೆ ಹೋಯಿತು. ಮಾರಕ್ಕ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು.

"ಬಾರದೋರ ಎಲೆ ಪಕ್ಕದೋರು ತಿನ್ಬೇಕು" ಎಂದಳು ಕಣ್ಣು ಬಿಡದೆ. ದೊರೆಗಳ ಎಲೆಗಳನ್ನು ಅವಳು ತೆಗೆದುಕೊಂಡಳು. ಓಬಳೇಸುವಿನ ಎಲೆಯನ್ನು ನಾನು ಬಾಯಿಗೆ ಹಾಕಿಕೊಂಡೆ. ಅಗಿಯುತ್ತಿದ್ದಂತೆ ಕಣ್ಣಲ್ಲಿ ನೀರು ಬಂತು.

"ಯಾಕವ್ವ?"

"ಸುಣ್ಣ ಜಾಸ್ತಿ ಆಯ್ತು ಮಾರಕ್ಕ" ಎಂದೆ.

ಮಾರಕ್ಕ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ನಾನು ಕೂತ ಕಡೆ ಕಂಬಳಿಯನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದಳು. "ಇದ್ರ ಮ್ಯಾಲೆ ಕೂತಿದೀಯ. ನೋಡ್ಕೊಂಡು ಹೇಳು."

ಗುಡ್ಡದ ಮೇಲಿಂದ ಗಾಳಿ ಬೀಸುತ್ತಿತ್ತು.

"ಸುಣ್ಣ ಅಲ್ಲ" ಎಂದೆ. "ಅವನು ಬೇಕಾಗಿತ್ತು ಮಾರಕ್ಕ."